ಸಿಂಹದ ಎಡಗಿವಿ

ಮಸಾಚುಸೆಟ್ಸ್ ಕಡಲತೀರದ ಕ್ವಾಸೆಟ್ ಊರಿನಲ್ಲಿ ಹ್ಯಾಚೆಲ್ ಮನೆತನದವರು ಎಷ್ಟು ಜನ ಇದ್ದರೆಂದರೆ, ಕಣ್ಣು ಮುಚ್ಚಿ ಒಂದು ಕಲ್ಲು ಬೀಸಿದರೆ ಅದು ಒಬ್ಬ ಹ್ಯಾಚೆಲ್‌ಗೆ ಬಡಿದು, ಪುಟಿದು, ಅವನ ದಾಯಾದಿಗೂ ಬಡಿಯುತ್ತಿತ್ತು. ಪ್ರತಿ ಆಗಸ್ಟ್‌ನಲ್ಲಿ ಅವರೆಲ್ಲ ತಮ್ಮ ಮೂಲಪುರುಷ ಜಬೆಜ್ ಹ್ಯಾಚೆಲ್‌ನ ಸಮಾಧಿಯ ಹತ್ತಿರ ಸೇರಿ, ಕಾದ ಕಲ್ಲುಗಳ ಮೇಲೆ ಕಡಲಪಾಚಿ ಹಾಸಿ, ಚಿಪ್ಪುಮೀನು ಬೇಯಿಸಿ ತಿನ್ನುತ್ತಿದ್ದರು. ತಿಂದು ಬಿಸಾಡಿದ ಚಿಪ್ಪಿನ ಗುಡ್ಡೆಯನ್ನು ದೀಪಸ್ತಂಭವೆಂದು ನಂಬಿ ಒಂದೆರಡು ಹಡಗುಗಳು ದಡ ಹತ್ತಿದ್ದೂ ಉಂಟು.

ಆ ವರ್ಷ ಮಾತ್ರ ಮೆಹಿಟಬೆಲ್ ಅಜ್ಜಿ ತಿನ್ನಲು ಬರಲಿಲ್ಲ. ಬೆಳಕು ಹರಿಯುವ ಮೊದಲೇ ಬಂದು ಜಬೆಜ್‌ನ ಸಮಾಧಿಗಲ್ಲಿನ ಮೇಲೆ ಕುಳಿತವಳು, ಕಾಲುಚೀಲ ಹೆಣೆಯುತ್ತ ಅಲ್ಲಿಯೇ ಬೇರು ಬಿಟ್ಟಿದ್ದಳು. ಮದುವೆಯ ಗೊಡವೆಗೆ ಹೋಗದೆ, ಹಂದಿ ಸಾಕಿಕೊಂಡು, ಕ್ವಾಸೆಟ್‌ನ ನಾಲ್ವರು ಪಾದ್ರಿಗಳಿಗೆ ಎದುರುತ್ತರ ಕೊಟ್ಟು, ನಾಲ್ವರನ್ನೂ ಮಣ್ಣಿಗಿಟ್ಟು ಬಂದ ಹೆಂಗಸು ಅವಳು. ಅವಳ ಮುಂದೆ ನೊಗ ಹೊತ್ತ ಎತ್ತುಗಳು, ಬಂಡಿಯ ಮೇಲೆ ಅಮೃತಶಿಲೆಯ ಆಳೆತ್ತರದ ಚಪ್ಪಡಿ, ಅದರಲ್ಲಿ ಕೆತ್ತಿದ ಗುರಾಣಿ, ಗುರಾಣಿಯ ಮೇಲೆ ಹಿಂಗಾಲಿನಲ್ಲಿ ನಿಂತ ಸಿಂಹ. ಪಕ್ಕದಲ್ಲಿ ಅವಳ ಅಣ್ಣನ ಮಗ ಲೆಮ್ಯುಯೆಲ್, ಬಾಸ್ಟನ್‌ನಲ್ಲಿ ಬೂಟಿನ ಕಾರ್ಖಾನೆ ಇಟ್ಟವನು. ಅವನ ಮೀಸೆಯ ಒಂದೊಂದು ತುದಿಗೂ ಒಂದೊಂದು ಟೋಪಿ ನೇತುಹಾಕಬಹುದಿತ್ತು.

"ಅತ್ತೆ, ಏಳಿ. ಎತ್ತುಗಳು ಕಾಯ್ತಾ ಇವೆ."

"ಕಾಯಲಿ ಬಿಡೋ. ಅವಕ್ಕೆ ನಿನಗಿಂತ ತಾಳ್ಮೆ ಇದೆ."

"ಈ ಮುರುಕಲು ಕಲ್ಲು ಕಿತ್ತು ಹೊಸದು ನಿಲ್ಲಿಸ್ಬೇಕು. ಲಂಡನ್ನಿನ ಪಂಡಿತರೇ ನಮ್ಮ ವಂಶ ಹುಡುಕಿ ಕೊಟ್ಟಿದಾರೆ. ಜಬೆಜ್ ಅವರು ಜಹಗೀರ್‌ದಾರರ ಮನೆಯವರಂತೆ. ಸಿಂಹ ನಮ್ಮ ಲಾಂಛನ."

"ಓಹೋ! ಸಮುದ್ರ ದಾಟಿ ಬಂದ ಹಡಗಲ್ಲಿ ಸಿಂಹ ಯಾವ ಕಡೆ ಮಲಗಿತ್ತು? ಜಬೆಜ್ ಮಲಗಿದ್ದು ಕೆಳಗೆ, ಹಂದಿಗಳ ಜೊತೆ."

ನೆಂಟರ ನಡುವೆ ಕಿಸಕ್ಕನೆ ಯಾರೋ ನಕ್ಕರು. ಲೆಮ್ಯುಯೆಲ್ ಆ ಕಡೆ ದುರುಗುಟ್ಟಿದ. ಸಿಂಹವನ್ನು ತನ್ನ ಬೂಟಿನ ಪೆಟ್ಟಿಗೆಗಳ ಮೇಲೆಲ್ಲ ಆಗಲೇ ಅಚ್ಚು ಹಾಕಿಸಿಬಿಟ್ಟಿದ್ದ ಅವನು. ಈಗ ಹಂದಿಯ ಮಾತು ಬಂದರೆ ಹೇಗೆ?

ಅಜ್ಜಿ ಕುಳಿತಿದ್ದ ಸಮಾಧಿಗಲ್ಲು ಹೊಲದಿಂದ ಎತ್ತಿ ತಂದ ಗುಂಡುಕಲ್ಲು. ಅದರ ಮೇಲೆ ಉಳಿಯಿಂದ ಗೀಚಿದ ಒಂದು ಮುಖ. ಮುಖಕ್ಕೆ ಬಲಗಿವಿ ಇತ್ತು, ಎಡಗಿವಿ ಇರಲಿಲ್ಲ.

"ಹಿಮಕ್ಕೆ ಒಡೆದು ಹೋಗಿದೆ, ನೋಡಿ! ಅದಕ್ಕೇ ಬದಲಾಯಿಸೋಣ ಅಂದಿದ್ದು" ಎಂದ ಲೆಮ್ಯುಯೆಲ್.

"ಹಿಮ ಅಂತೆ ಹಿಮ! ನಿನ್ನಪ್ಪ ನಿನಗೆ ಹೇಳೋಕೆ ನಾಚಿಕೊಂಡ. ನನಗೆ ನಾಚಿಕೆ ಇಲ್ಲ. ಎಲ್ಲರೂ ಕೇಳಿಸ್ಕೊಳ್ಳಿ. ಆ ಕಿವೀನ ಕೊಯ್ದಿದ್ದು ಸರ್ಕಾರ!"

ಬೆಂದ ಚಿಪ್ಪುಗಳು ಬಾಯಿ ಬಿಟ್ಟಂತೆ ನೆಂಟರೆಲ್ಲ ಬಾಯಿ ಬಿಟ್ಟರು.

ಅಜ್ಜಿ ಹೇಳಿದ ಕಥೆ ಇದು: ಜಬೆಜ್ ಈ ಊರಿಗೆ ಬಂದಿದ್ದು ಹಡಗಿನ ಕೂಲಿಗೆ ಬದಲಾಗಿ ಏಳು ವರ್ಷದ ಜೀತ ಬರೆದುಕೊಟ್ಟು. ಅವನ ಯಜಮಾನನೇ ಊರಿನ ನ್ಯಾಯಾಧೀಶ. ಬಿತ್ತನೆಯ ಜೋಳ ಅಳೆಯುವ ಕೊಳಗಕ್ಕೆ ಸುಳ್ಳು ತಳ ಕೂರಿಸಿದ್ದವನು. ಜಬೆಜ್ ಅದನ್ನು ಭಾನುವಾರದ ಪ್ರಾರ್ಥನೆಯ ನಡುವೆ ಎದ್ದು ನಿಂತು ಹೇಳಿಬಿಟ್ಟ. ಹೇಳಿದ ಸದ್ದಿಗೆ ಮಾಡಿನ ಹಲಗೆಗಳು ಹಾರಿ ಕೊಲ್ಲಿಯ ಆಚೆ ಬಿದ್ದವಂತೆ. ಅಧಿಕಾರಸ್ಥರನ್ನು ನಿಂದಿಸಿದ ಎಂದು ಅವನನ್ನು ಕಂಬಕ್ಕೆ ಕಟ್ಟಿ ಎಡಗಿವಿ ಕೊಯ್ದರು. ಮುಂದೆ ಜೀತ ತೀರಿ, ಒಂದು ಹೆಣ್ಣುಹಂದಿ ಅವನ ಪಾಲಿಗೆ ಬಂತು. ಗೋಮಾಳದಲ್ಲಿ ಮೇಯುವ ಪ್ರತಿ ಪ್ರಾಣಿಯ ಕಿವಿಗೂ ಒಡೆಯನ ಸ್ವಂತ ಗುರುತು ಇರಬೇಕೆಂಬುದು ಊರಿನ ಕಟ್ಟಳೆ. ಒಬ್ಬರದು ಕವಲು ಸೀಳು, ಇನ್ನೊಬ್ಬರದು ಅರ್ಧಚಂದ್ರ. ಗುಮಾಸ್ತ ಕೇಳಿದ: "ನಿನ್ನ ಗುರುತು ಯಾವುದಪ್ಪಾ?"

ಜಬೆಜ್ ಟೋಪಿ ತೆಗೆದು ಮುಖ ತಿರುಗಿಸಿದ. "ಇದೇ."

ಆ ಹೆಣ್ಣುಹಂದಿ ಈದದ್ದು ಹಂದಿಮರಿಗಳನ್ನಲ್ಲ, ಒಂದು ದಂಡನ್ನೇ. ಎಡಗಿವಿ ಇಲ್ಲದ ಹಂದಿಗಳು ಊರು ತುಂಬಿಕೊಂಡವು. ನ್ಯಾಯಾಧೀಶ ಕಿಟಕಿ ತೆರೆದರೆ ಅವನದೇ ತೀರ್ಪು ಸಾಲುಸಾಲಾಗಿ ಗುರುಗುಟ್ಟುತ್ತ ಹೋಗುತ್ತಿತ್ತು. ಕಡೆಗೆ ಕಿಟಕಿಗೆ ಗಾರೆ ಮೆತ್ತಿಸಿ ಕತ್ತಲಲ್ಲೇ ಸತ್ತ. ಜಬೆಜ್‌ಗೆ ಮಾತ್ರ ಸಿಟ್ಟು ಬಂದಾಗಲೆಲ್ಲ ಆ ಗಾಯದ ಜಾಗ ಉರಿಯುತ್ತಿತ್ತು. ಅಂಗೈ ಒತ್ತಿ ಹಿಡಿಯುತ್ತಿದ್ದ.

"ಈ ಗುರುತು ನನ್ನ ಹಂದಿಗಳಿಗೆ ಇವತ್ತಿಗೂ ಇದೆ" ಎಂದಳು ಅಜ್ಜಿ. "ಈ ಕಲ್ಲು ಎತ್ಬೇಕಾದ್ರೆ ನನ್ನನ್ನೂ ಸೇರಿಸಿ ಎತ್ತಿ. ತೂಕ ಜಾಸ್ತಿ ಇದೀನಿ, ಎತ್ತುಗಳಿಗೆ ಹೇಳಿಬಿಡಿ."

ಲೆಮ್ಯುಯೆಲ್ ಕೆಂಪಾದ. "ಕಟ್ಟುಕಥೆ! ಅಪರಾಧಿಯ ಸಂತಾನ ಅಂತ ನಾನು ಬಾಸ್ಟನ್ನಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ? ನಮಗೂ ಆ ಹಂದಿ ಕಳ್ಳನಿಗೂ..."

"ಕಳ್ಳ ಅಂದ್ಯಾ?" ಅಜ್ಜಿ ಕಾಲುಚೀಲ ಕೆಳಗಿಟ್ಟಳು. "ಲೆಮ್ಯುಯೆಲ್, ನಿನ್ನ ಕೈ ಎಲ್ಲಿದೆ ನೋಡ್ಕೋ."

ಅವನ ಎಡ ಅಂಗೈ ಎಡಗಿವಿಯ ಮೇಲೆ ಒತ್ತಿಕೊಂಡಿತ್ತು. ಸರಕ್ಕನೆ ಕೆಳಗಿಳಿಸಿದ, ಸಿಟ್ಟು ಇನ್ನೂ ಏರಿತು, ಕೈ ತಾನಾಗಿಯೇ ಮತ್ತೆ ಮೇಲೇರಿತು. ಅವನ ಪರವಾಗಿ ಕೂಗಾಡುತ್ತಿದ್ದವರ ಕೈಯೂ ಕಿವಿಯ ಮೇಲೆ, ಅಜ್ಜಿಯ ಪರ ಕೂಗಾಡುತ್ತಿದ್ದವರ ಕೈಯೂ ಕಿವಿಯ ಮೇಲೆ. ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನು ಅವರು ಅಂದೇ ಕಂಡರು. ಗದ್ದಲ ನಿಂತಿತು. ಅಲೆಗಳೂ ದಡಕ್ಕೆ ಬರುವುದನ್ನು ನಿಲ್ಲಿಸಿ ಕಾದವು.

"ಸಿಂಹಕ್ಕೆ ಈ ಚಾಳಿ ಇದೆಯೇನೋ, ಮಗನೇ?" ಎಂದಳು ಅಜ್ಜಿ, ಮೊದಲ ಬಾರಿಗೆ ಮೆತ್ತಗೆ.

ಲೆಮ್ಯುಯೆಲ್ ಸಿಂಹದ ಕಡೆ ನೋಡಿದ. ಕೈಯನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.

ಅಜ್ಜಿ ಎದ್ದಳು. ಬಂಡಿಯ ಹತ್ತಿರ ನಿಂತಿದ್ದ ಕಲ್ಲುಕುಟಿಗನ ಸೊಂಟದಿಂದ ಸುತ್ತಿಗೆ ಎಳೆದುಕೊಂಡಳು.

"ಅತ್ತೆ! ಬೇಡ! ಅದು ಇಟಲಿಯ ಅಮೃತಶಿಲೆ!"

"ಶಿಲೆಗೆ ನೋವಾಗಲ್ಲ ಕಣೋ. ಜಬೆಜ್‌ಗೆ ಆಗಿತ್ತು."

ಒಂದೇ ಏಟು. ಸಿಂಹದ ಎಡಗಿವಿ ಹಾರಿ ಬೇಯುತ್ತಿದ್ದ ಚಿಪ್ಪುಮೀನಿನ ರಾಶಿಯೊಳಗೆ ಬಿತ್ತು. ಆ ಸದ್ದು ಬಾಸ್ಟನ್‌ವರೆಗೂ ಕೇಳಿಸಿತೆಂದು ಹೇಳುವವರ ಮಾತನ್ನು ನಂಬಬೇಡಿ. ಅದು ಅದಕ್ಕೂ ಆಚೆ ಕೇಳಿಸಿತ್ತು.

"ಈಗ ಈ ಸಿಂಹಾನೂ ನಮ್ಮವನೇ. ಜಬೆಜ್‌ನ ಹಿಂದೆ ನಿಲ್ಲಿಸಿ, ಮುಂದೆ ಬೇಡ" ಎಂದು ಅಜ್ಜಿ ಸುತ್ತಿಗೆ ಹಿಂದಿರುಗಿಸಿ, ಗುಂಡುಕಲ್ಲಿನ ಮೇಲೆ ಮತ್ತೆ ಕುಳಿತಳು. "ಲೆಮ್ಯುಯೆಲ್, ನಿಂತು ನೋಡ್ತೀಯೇನು? ಹಸಿವಾಗ್ತಿದೆ. ಒಂದು ತಟ್ಟೆ ತಾ. ಕಲ್ಲಿನ ಕಿವಿ ಬಂದಿದ್ರೆ ನೀನು ತಿನ್ನು."