ಒಡಹುಟ್ಟಿದವರು: ಇಲ್ಲ

ಶವದ ಗಾಡಿಯ ಹಿಂಬಾಗಿಲಿಗೆ ಒಂದು ಕಾಲಿಟ್ಟಿದ್ದ ದರ್ಜಿಯಮ್ಮನನ್ನು ಸಂಶೋಧನಾಲಯದ ಸಹಾಯಕ ತಡೆದ. ಏನು ಕೇಳಿದರೂ ಶೇಕಡಾವಾರು ಉತ್ತರ ಕೊಡುವ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ 'ಶೇಕಡ' ಎಂದು.

"ಅಮ್ಮಾ, ಈ ಗಾಡಿ ಮನೆಯವರಿಗೆ. ನೀವು ಮೇಡಂಗೆ ಏನಾಗ್ಬೇಕು?"

"ಏನಿಲ್ಲಪ್ಪ, ಪರಿಚಯ," ಎಂದು ಆಕೆ ಕಾಲು ಕೆಳಗಿಟ್ಟಳು.

ಒಳಗೆ ಮಲಗಿದ್ದವಳು ಆಕೆಯ ಸ್ವಂತ ಅಕ್ಕ. ಅಂತಿಂಥ ಅಕ್ಕನಲ್ಲ. ಸಾಯುವವರು ಆಸ್ತಿಯನ್ನು ಯಾರಿಗೆ ಬರೆಯುತ್ತಾರೆ, ಯಾರನ್ನು ಬಿಡುತ್ತಾರೆ, ಆಮೇಲೆ ಯಾರ ಜುಟ್ಟು ಯಾರ ಕೈಗೆ ಸಿಗುತ್ತದೆ ಎಂದು ಸಂಶೋಧನೆಗಾಗಿ ಮನೆಮನೆ ಅಲೆದು ಕೇಳಿದವಳು. ಅವಳು ಓದಿದ ಉಯಿಲುಗಳನ್ನು ಪೇರಿಸಿದ್ದರೆ ಚಂದ್ರನಿಗೆ ಮೆಟ್ಟಿಲಾಗುತ್ತಿತ್ತು. ಅವಳು ಬೀದಿಗೆ ಬಂದರೆ ಸಾಕು, ಗಟ್ಟಿಮುಟ್ಟಾದ ಮುದುಕರೂ ತಮ್ಮ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದರು.

ದರ್ಜಿಯಮ್ಮ ಹಿಂದಿನ ಬಸ್ಸು ಹತ್ತಿದಳು. ಶಿಷ್ಯಕೋಟಿ ಅದರಲ್ಲಿ ಒಬ್ಬರ ತೊಡೆಯ ಮೇಲೊಬ್ಬರಂತೆ ತುಂಬಿತ್ತು.

"ಮುಂದಿನ ಗಾಡೀಲಿ ಯಾರಿದ್ದಾರೆ?" ಎಂದು ಒಬ್ಬಳು ಕೇಳಿದಳು.

"ಡ್ರೈವರು, ನಮ್ಮ ಮೇಡಂ, ಅಷ್ಟೇ," ಎಂದ ಶೇಕಡ. ಗಾಡಿಗಳು ಹೊರಟವು.

*

ಅಮ್ಮನ ಉಯಿಲಿನಲ್ಲಿ ಹೊಲಿಗೆ ಯಂತ್ರ ದೊಡ್ಡವಳಿಗೆ ಎಂದಿತ್ತು. ದೊಡ್ಡವಳಿಗೆ ಅಂಗಿಗೆ ಗುಂಡಿ ಹಚ್ಚಲೂ ಬಾರದು. ಚಿಕ್ಕವಳು ಹೊಲಿದ ಬಟ್ಟೆ ತೊಡಿಸಿದರೆ ದೀಪದ ಕಂಬಕ್ಕೂ ಸೊಂಟ ಬರುತ್ತಿತ್ತು.

"ಅಮ್ಮ ಬರೆದದ್ದು ಬರೆದ ಹಾಗೇ ನಡೀಲಿ," ಎಂದು ಅಕ್ಕ ಯಂತ್ರ ಹೊರಿಸಿಕೊಂಡು ಹೋದಳು. ಅಂದಿಗೇ ಅಕ್ಕತಂಗಿಯರ ಮಾತು ನಿಂತಿತು.

ಎಷ್ಟೋ ವರ್ಷದ ಮೇಲೆ, ಸಮೀಕ್ಷೆಗೆ ಚೀಟಿ ಎತ್ತಿದಾಗ ತಂಗಿಯ ಮನೆಯೇ ಬಂತು. ಬಂದ ಮನೆಯನ್ನು ಬದಲಿಸಬಾರದೆಂಬುದು ಅಕ್ಕನೇ ಮಾಡಿದ ನಿಯಮ. ಸಹಾಯಕರನ್ನು ಕಳಿಸಬಹುದಿತ್ತು, ತಾನೇ ಬಂದಳು.

"ಒಡಹುಟ್ಟಿದವರು ಎಷ್ಟು ಜನ?"

"ಯಾರೂ ಇಲ್ಲ."

"ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳೇ."

"ಬರ್ಕೊಳ್ಳಿ, ಮೇಡಂ."

ಅಕ್ಕ ಬರೆದುಕೊಂಡಳು. ತಂಗಿ ಬಾಗಿಲು ಹಾಕಿದ ಸದ್ದಿಗೆ ಆಚೆ ಬೀದಿಯ ನಾಯಿಗಳೂ ಎದ್ದು ಕೂತವು.

*

"ಮೇಡಂಗೆ ಒಂದು ಹುಚ್ಚಿತ್ತು," ಬಸ್ಸಿನಲ್ಲಿ ಶೇಕಡ ಹೇಳುತ್ತಿದ್ದ. "ಆಗಾಗ ಒಂದು ಟೈಲರ್ ಮನೆ ಎದುರು ಕಾರು ನಿಲ್ಸೋರು. ಆ ಮನೇಲಿ ಒಂದು ಉತ್ತರ ತಪ್ಪಿದೆ ಅನ್ನೋರು."

"ತಿದ್ಕೋಬಹುದಿತ್ತಲ್ಲ?"

"ನಾನೂ ಅದೇ ಅಂದೆ. 'ನಾನು ತಿದ್ದೋ ಹಾಗಿಲ್ಲ ಕಣೋ, ಅವಳೇ ಹೇಳ್ಬೇಕು' ಅಂದ್ರು. ಇಳೀತಾನೂ ಇರ್ಲಿಲ್ಲ."

ಆ ಕಾರನ್ನು ದರ್ಜಿಯಮ್ಮ ಪ್ರತಿ ಸಲವೂ ನೋಡಿದ್ದಳು. ನೋಡಿ, ಕಿಟಕಿಯ ಪರದೆ ಎಳೆದಿದ್ದಳು.

"ಬಸ್ ನಿಲ್ಸಪ್ಪ," ಎಂದಳು.

"ಯಾಕಮ್ಮಾ? ಹುಷಾರಿಲ್ವಾ?"

"ನಾನು ಅವಳ ತಂಗಿ."

ಲೋಕದ ಸಕಲ ಲೆಕ್ಕವೂ ನಾಲಿಗೆಯ ತುದಿಯಲ್ಲಿದ್ದ ಶೇಕಡ ಹಾರನ್ ಹೊಡೆಸಿ ಎರಡೂ ಗಾಡಿ ನಿಲ್ಲಿಸಿದ. ಅವನೇ ಓಡಿಹೋಗಿ ಮುಂದಿನ ಗಾಡಿಯ ಹಿಂಬಾಗಿಲು ತೆಗೆದ.

ಶವದ ಎರಡೂ ಪಕ್ಕಕ್ಕೆ ಉದ್ದುದ್ದ ಬೆಂಚುಗಳು ಖಾಲಿ ಬಿದ್ದಿದ್ದವು. ಆಕೆ ಒಂದರ ತೀರಾ ತುದಿಗೆ, ಅರ್ಧ ಮೈ ಬೆಂಚಿನಾಚೆ ಇರುವಂತೆ ಕುಳಿತಳು. ಗಾಡಿ ಹೊರಟು ಕುಲುಕಿದಾಗಲೂ ಪಕ್ಕದ ಜಾಗಕ್ಕೆ ಸರಿಯಲಿಲ್ಲ. ಅಲ್ಲಿ ಯಾರೂ ಕೂರದ ಹಾಗೆ, ಅಕ್ಕನಿಗೆಂದು, ಅಂಗೈ ಊರಿ ಹಿಡಿದುಕೊಂಡಳು.