ಮೊದಲ ಸಾಲು

ಗಂಡನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಸುಕ್ಕನ್ನು ಅವಳು ಅಂಗೈಯಿಂದ ಮೂರನೆಯ ಸಲ ಒತ್ತಿದಳು. ಅದು ಹೋಗಲಿಲ್ಲ. ಮೂವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿದವನು ಶವಪೆಟ್ಟಿಗೆಯಲ್ಲಿ ಸುಕ್ಕುಬಟ್ಟೆಯ ಕೆಳಗೆ ಮಲಗಿದ್ದ. ಪ್ರಾರ್ಥನಾ ಮಂದಿರದಲ್ಲಿ ಸೇರಿದ್ದವರದ್ದೂ ಅದೇ ಅವತಾರ. ಪ್ರಾರ್ಥನೆಗೆ ಉಡುವ ಬಟ್ಟೆಗೆ ಅವನು ಕೂಲಿ ಮುಟ್ಟಿದವನಲ್ಲ. ಹಾಗಾಗಿ ಇಸ್ತ್ರಿಗೆ ಕೊಟ್ಟ ಎಲ್ಲರ ಒಳ್ಳೆ ಬಟ್ಟೆಗಳೂ ಬೀಗ ಬಿದ್ದ ಅವನ ಅಂಗಡಿಯಲ್ಲೇ ಉಳಿದಿದ್ದವು.

"ಹೊತ್ತಾಯ್ತಲ್ಲಮ್ಮಾ, ಹೊರಡೋಣ್ವಾ?" ಎಂದ ವ್ಯಾನಿನ ಡ್ರೈವರ್, ಬಾಗಿಲಲ್ಲಿ ನಿಂತು.

"ಹಾಡಾಗ್ದೆ ಹೊರಡೋ ಹಾಗಿಲ್ಲಪ್ಪ," ಎಂದಳು ನಾದಿನಿ. "ಯಾರಾದ್ರೂ ಶುರು ಮಾಡ್ತಾರೆ, ಇರು."

ಯಾರಾದರೂ! ಈ ಮಂದಿರದಲ್ಲಿ ಗುರುಗಳಿಲ್ಲ, ವಾದ್ಯವಿಲ್ಲ. ಸೇರಿದವರಲ್ಲೇ ಒಬ್ಬರು ಎದ್ದು ಮೊದಲ ಸಾಲು ಹಾಡಬೇಕು, ಉಳಿದವರು ದನಿಗೂಡಿಸಬೇಕು. ಯಾರು ಬೇಕಾದರೂ ಹಾಡಬಹುದಿತ್ತು. ಅದಕ್ಕೇ ಯಾರೂ ಹಾಡುತ್ತಿರಲಿಲ್ಲ. ಹಾಡಲು ಇಸ್ತ್ರಿಯವನಿದ್ದನಲ್ಲ. ಅವನು ಹಾಸಿಗೆ ಹಿಡಿದ ಆರು ವಾರ ಜನ ಬಂದು, ಒಬ್ಬರ ಮುಖ ಒಬ್ಬರು ನೋಡಿ, ಕೆಮ್ಮಿ, ಎದ್ದು ಹೋಗಿದ್ದರು. ನಲವತ್ತು ಜನ ಬರುತ್ತಿದ್ದ ಕಡೆ ಕಳೆದ ವಾರ ಹನ್ನೊಂದು. ಇವತ್ತೂ ಯಾರೂ ಬಾಯಿ ಬಿಡದಿದ್ದರೆ? ಅವನನ್ನು ಸದ್ದಿಲ್ಲದೆ ಸಾಗಿಸುತ್ತಾರೆ, ಹಿಂದೆಯೇ ಈ ಬಾಗಿಲಿಗೂ ಬೀಗ ಬೀಳುತ್ತದೆ.

ನಾದಿನಿ ಮುಂದಿನ ಬೆಂಚಿನಲ್ಲಿದ್ದ ಎಲೆಕ್ಟ್ರಿಷಿಯನ್ನನ ಕಡೆ ನೋಡಿದಳು. ಅವನು ಫ್ಯಾನು ನೋಡಿದ. ಫ್ಯಾನು ಸರಿಯಾಗಿಯೇ ತಿರುಗುತ್ತಿತ್ತು.

"ಟೀಚರ್, ನೀವಾದ್ರೂ? ಸಂಗೀತ ಕಲಿಸೋರು..." ನಾದಿನಿ ಅವಳ ಪಕ್ಕದಲ್ಲಿ ನಿಂತಿದ್ದ ಟೀಚರ ಕಡೆ ತಿರುಗಿದಳು.

"ನಿಮ್ಮಣ್ಣ ಪ್ರತಿ ವಾರ ಮೇಲಿನ ಶ್ರುತೀಲಿ ಹಿಡಿದು ನಮ್ಮ ಗಂಟಲು ಹರಿಸ್ತಿದ್ರು," ಎಂದರು ಟೀಚರ್. "ಮೂರನೇ ಸಾಲಿಗೆ ಬರೋ ಹೊತ್ತಿಗೆ ಜೀವ ಬಾಯಿಗೆ ಬರೋದು. ನಾನೆಷ್ಟು ಬೈದಿದ್ದೀನಿ ಅವರನ್ನ! ಇವತ್ತು ನನ್ನ ಕೈಲಾಗಲ್ಲಮ್ಮ. ಬಾಯಿ ತೆಗೆದ್ರೆ ಅಳುನೇ ಬರುತ್ತೆ."

* * *

ಮದುವೆಯಾದ ಹೊಸತರಲ್ಲಿ, ಇದೇ ಮಂದಿರದ ಬೆಂಚಿನಲ್ಲಿ, ಹಾಡುವ ಮುಂಚೆ ಅವನು ಅವಳ ಮಣಿಕಟ್ಟು ಹಿಡಿದುಕೊಂಡಿದ್ದ. ನಾಲ್ಕು ಬೆರಳು ಕೆಂಪಗೆ ಮೂಡುವಷ್ಟು ಗಟ್ಟಿಯಾಗಿ.

"ಭಯ ಕಣೇ," ಎಂದಿದ್ದ ಮನೆಗೆ ಬಂದ ಮೇಲೆ. "ಅದಕ್ಕೇ ದನಿ ಮೇಲಕ್ಕೆ ಹೋಗ್ಬಿಡುತ್ತೆ."

"ಮತ್ತೆ ನೀವ್ಯಾಕೆ ಹಾಡ್ಬೇಕು? ಬೇರೆಯವರಿಲ್ವಾ?"

"ಎಲ್ರೂ ಹಾಗಂದ್ಕೊಂಡ್ರೆ? ಒಂದು ಸಾಲು ತಾನೇ. ಮಿಕ್ಕಿದ್ದನ್ನ ಅವರೇ ನೋಡ್ಕೋತಾರೆ."

ವಾರ ತಪ್ಪದೆ ಹೆದರಿದ, ವಾರ ತಪ್ಪದೆ ಹಾಡಿದ. ಅವಳು ಪಕ್ಕದಲ್ಲಿ ಕೂತು ತುಟಿ ಮಾತ್ರ ಆಡಿಸುತ್ತ ಬಂದಳು. ಒಂದು ದಿನವೂ ದನಿ ಹೊರಡಿಸಲಿಲ್ಲ. ಅದು ಅವನಿಗೆ ಗೊತ್ತಿತ್ತು, ಆದರೂ ಹಂಗಿಸಲಿಲ್ಲ.

* * *

ಹೊರಗೆ ವ್ಯಾನು ಗುರುಗುಟ್ಟಿತು. ನಾಲ್ವರು ಬಂದು, ತಲೆ ತಗ್ಗಿಸಿ, ಪೆಟ್ಟಿಗೆಗೆ ಕೈ ಹಚ್ಚಿದರು.

"ನಿಲ್ಲಿ," ಎಂದಳು ಅವನ ಹೆಂಡತಿ.

ಕೈ ತಾನಾಗಿ ಪಕ್ಕಕ್ಕೆ ತಡಕಾಡಿತು. ಟೀಚರ ಮಣಿಕಟ್ಟು ಸಿಕ್ಕಿತು. ಅದನ್ನೇ ಹಿಡಿದು ಬಾಯಿ ತೆರೆದಳು. ಹೆದರಿದ ದನಿ ನೇರ ಮೇಲಕ್ಕೆ ಹಾರಿ, ಅವನು ವಾರವಾರ ಹಿಡಿಯುತ್ತಿದ್ದ ಅದೇ ತಪ್ಪು ಶ್ರುತಿಯಲ್ಲಿ ಹೋಗಿ ನಿಂತಿತು.

ಮೊದಲ ಸಾಲು ಮುಗಿಯಿತು. ಒಂದು ಗಳಿಗೆ ಏನೂ ಇಲ್ಲ.

ಆಮೇಲೆ ಎಲೆಕ್ಟ್ರಿಷಿಯನ್ ಕೂಡಿಕೊಂಡ. ನಾದಿನಿ ಕೂಡಿಕೊಂಡಳು. ಟೀಚರ್ ಬೇಕಿದ್ದರೆ ಶ್ರುತಿಯನ್ನು ಸಲೀಸಾಗಿ ಕೆಳಗಿಳಿಸಬಹುದಿತ್ತು. ಇಳಿಸಲಿಲ್ಲ; ಅಳುತ್ತ ಅಲ್ಲಿಂದಲೇ ಹಾಡಿದರು.

ಮೂರನೆಯ ಸಾಲಿನಲ್ಲಿ ಎಲ್ಲರ ಗಂಟಲೂ ಒಡೆಯಿತು. ಸುಕ್ಕುಬಟ್ಟೆಯ ಜನ ಕತ್ತಿನ ನರ ಉಬ್ಬಿಸಿಕೊಂಡು, ಹಾಡುತ್ತಲೇ ಪೆಟ್ಟಿಗೆಯ ಹಿಂದೆ ಮೆಟ್ಟಿಲಿಳಿದರು. ಟೀಚರ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು.