ಪಕ್ಕದ ಸೀಟಿನಿಂದ

ನಮ್ಮ ಯಜಮಾನರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿದ್ದವರು. ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಇವರ ಹತ್ತಿರ ಬೈಸಿಕೊಂಡವರೇ. ಅಂಥವರಿಗೆ ಈಗ ಎದುರಿಗೆ ಬರುವ ಬಸ್ಸೂ ಒಂದು ಬಣ್ಣದ ಮುದ್ದೆ. ಕಣ್ಣಿನ ನರವೇ ಹೋಗಿದೆ, ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಇವರು ತಲೆಯಾಡಿಸಿದರು, ಹೊರಗೆ ಬಂದು ಗಾಡಿ ಸ್ಟಾರ್ಟ್ ಮಾಡಿದರು. ಹಟ ಅಂದರೆ ಹಟ.

ನಾನಾದರೂ ಏನು ಮಾಡಲಿ? ನನ್ನ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗದಿದ್ದರೆ ನಾನಿಲ್ಲ. ಮಗಳ ಊರಿನಲ್ಲಿ ಆ ಯಂತ್ರವೇ ಇಲ್ಲ. ಹಳೇ ಶಿಷ್ಯನೊಬ್ಬ ಒಂದಷ್ಟು ದಿನ ಕರೆದೊಯ್ದ. ಅವನಿಗೂ ಸಂಸಾರವಿದೆ, ಬಿಟ್ಟ. ಬಸ್ ಹತ್ತುವ ತ್ರಾಣ ನನಗಿಲ್ಲ, ಪ್ರತಿ ಸಲ ಟ್ಯಾಕ್ಸಿಗೆ ದುಡ್ಡು ಹೊಂದಿಸಲಾಗದು. ಟ್ಯಾಕ್ಸಿಯವನು ಬರುತ್ತೇನೆಂದು ಕೈಕೊಟ್ಟ ಸಲ ಉಸಿರು ಸಿಕ್ಕದೆ ಸಾಯುವುದೊಂದು ಬಾಕಿಯಿತ್ತು.

ಅಂದಿನಿಂದ ಇವರು ಕೈ, ನಾನು ಕಣ್ಣು. ಇವರು ಶಿಷ್ಯರಿಗೆ ಹೇಳುತ್ತಿದ್ದ ದನಿಯಲ್ಲೇ ಪಕ್ಕದ ಸೀಟಿನಿಂದ ಹೇಳುತ್ತಿದ್ದೆ: ಮುಂದೆ ಸೈಕಲ್, ನಿಧಾನ, ಕೆಂಪು ಬಿತ್ತು, ಬ್ರೇಕ್. ನಾನು ಸುಮ್ಮನಿದ್ದರೆ ದಾರಿ ಖಾಲಿ ಎಂದು ಲೆಕ್ಕ. ಮದುವೆಯಾದಾಗಿನಿಂದ ಬಾಯಿ ಮುಚ್ಚು ಅನ್ನುತ್ತಿದ್ದ ಮನುಷ್ಯ ಈಗ ಮಾತಾಡು, ಮಾತಾಡು ಅನ್ನುತ್ತಿದ್ದರು. ನಗದೆ ಇನ್ನೇನು ಮಾಡಲಿ.

ಮೊನ್ನೆ ಆಸ್ಪತ್ರೆಯಿಂದ ವಾಪಸ್ ಬರುವಾಗ ವಿಪರೀತ ಸುಸ್ತು. ಕಣ್ಣು ತೆರೆದೇ ಇತ್ತು, ನಾಲಗೆ ಮಾತ್ರ ಏಳಲಿಲ್ಲ. ಸ್ಕೂಲಿನ ಮುಂದೆ ಒಬ್ಬ ಪುಟ್ಟ ಹುಡುಗಿ ಕೈಜಾರಿದ ನೀರಿನ ಬಾಟಲಿಯ ಹಿಂದೆ ರಸ್ತೆಗಿಳಿದಳು. ನನಗೆ ಕಂಡಳು. ಹೇಳಲಾಗಲಿಲ್ಲ. ಯಾರೋ ಹೆಂಗಸು ಓಡಿಬಂದು ಅವಳನ್ನು ಜಡೆ ಹಿಡಿದು ಎಳೆದುಕೊಂಡಳು. ಬಾಟಲಿ ನಮ್ಮ ಚಕ್ರಕ್ಕೆ ಸಿಕ್ಕಿ ಪಟ್ ಎಂದಿತು. ಕಲ್ಲಿರಬೇಕು ಎಂದರು ಇವರು. ಮನೆ ಮುಂದೆ ಇಳಿಯುವಾಗ, ಇವತ್ತು ರಸ್ತೆ ಎಷ್ಟು ಖಾಲಿಯಿತ್ತು ಎಂದು ಖುಷಿಪಟ್ಟರು.

ಸಂಜೆ ಎಲ್ಲ ಹೇಳಿದೆ. ಮೊದಲು ನಂಬಲಿಲ್ಲ, ಆಮೇಲೆ ಗಾಜು ಕೊಳೆಯಾಗಿತ್ತು ಎಂದರು, ಆಮೇಲೆ ನೀನು ಹೇಳಬೇಕಿತ್ತು ಎಂದು ನನ್ನ ಮೇಲೇ ರೇಗಿದರು.

"ಹೌದು ರೀ, ಹೇಳ್ಬೇಕಿತ್ತು. ಆಗ್ಲಿಲ್ಲ. ಮುಂದಿನ ಸಲಾನೂ ಆಗಲ್ಲ. ಇನ್ಮೇಲೆ ಈ ಗಾಡೀಲಿ ನಾನು ಬರಲ್ಲ."

"ಮತ್ತೆ ಆಸ್ಪತ್ರೆಗೆ ಹೇಗೆ ಹೋಗ್ತೀಯ?"

"ಹೋಗಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಬಿಟ್ರೆ ಎಷ್ಟು ದಿನ ಇರ್ತೀಯ ಅಂತ ಗೊತ್ತಾ?"

"ಗೊತ್ತು. ನನಗೆ ಬದುಕೋ ಆಸೆ ಇಲ್ಲ ಅಂದ್ಕೋಬೇಡಿ. ತುಂಬಾ ಇದೆ."

ಇವರು ಕೂತಲ್ಲೇ ಅತ್ತರು. ನಾನೂ ಅತ್ತೆ. ಆಮೇಲೆ ಊಟ ಬಡಿಸಿದೆ, ಇಬ್ಬರೂ ಉಂಡೆವು. ಮಗಳಿಗೆ ಫೋನ್ ಮಾಡಲು ಹೋದವರನ್ನು ನಾನೇ ತಡೆದೆ. ಅವಳಾದರೂ ಎಲ್ಲಿಂದ ತಂದಾಳು ದಾರಿ.

ಮುಂದಿನ ಡಯಾಲಿಸಿಸ್ ದಿನ ಬೆಳಿಗ್ಗೆ ಎಚ್ಚರವಾದಾಗ ಇವರು ಪಕ್ಕದಲ್ಲಿರಲಿಲ್ಲ. ಕಿಟಕಿಯಿಂದ ನೋಡಿದೆ. ಗಾಡಿಯನ್ನು ಬಾಗಿಲಿಗೆ ತಂದು, ನನ್ನ ಸೀಟಿಗೆ ದಿಂಬಿಟ್ಟು, ಹಾರ್ನ್ ಹೊಡೆಯುತ್ತಿದ್ದರು. ನಾನು ವಾಪಸ್ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ. ಸುಮಾರು ಹೊತ್ತು ಹೊಡೆದರು. ಆಮೇಲೆ ಎಂಜಿನ್ ನಿಂತಿತು.